ಗೃಹರಕ್ಷಕರ ಅಧಿಕಾರ ಎಷ್ಟು? ಕಾಫಿ ಕೊಯ್ಲಿನ ಕಾಲಕ್ಕೆ ಊರ ಗಸ್ತು ಕಟ್ಟುವ ಮುನ್ನ

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕು ಹಾನುಬಾಳು ಕಡೆಯವರು. ಆರು ಎಕರೆ ಕಾಫಿ ಇದೆ, ನಡುವೆ ಮೆಣಸು. ಎರಡು ವರ್ಷದಿಂದ ಕೊಯ್ಲಿನ ಹೊತ್ತಿಗೆ ಕಣದಲ್ಲಿ ಒಣಹಾಕಿದ ಕಾಫಿ ರಾತ್ರೋರಾತ್ರಿ ಹೋಗುತ್ತಿದೆ. ಪಕ್ಕದ ತೋಟದಲ್ಲಿ ಗಿಡದ ಮೇಲಿನ ಹಣ್ಣನ್ನೇ ಉದುರಿಸಿಕೊಂಡು ಹೋಗಿದ್ದಾರೆ. ಠಾಣೆಯಲ್ಲಿ ಹೇಳಿದರೆ, ‘ಸಿಬ್ಬಂದಿ ಕಡಿಮೆ, ನೀವೇ ಹುಡುಗರನ್ನು ಸೇರಿಸಿ ಗಸ್ತು ಹಾಕಿ, ಬೇಕಾದರೆ ಒಬ್ಬ ಹೋಂಗಾರ್ಡ್ ಕಳಿಸೋಣ’ ಅಂದರು. ಊರಲ್ಲಿ ಕೆಲವರು ಹೋಂಗಾರ್ಡಿಗೆ ಪೊಲೀಸಿನಷ್ಟೇ ಅಧಿಕಾರ ಇದೆ ಅನ್ನುತ್ತಾರೆ. ಇನ್ನು ಕೆಲವರು ಅವನಿಗೆ ನಮ್ಮನ್ನು ನಿಲ್ಲಿಸುವ ಹಕ್ಕೂ ಇಲ್ಲ ಅನ್ನುತ್ತಾರೆ. ಹೋದ ತಿಂಗಳು ಒಂದು ಚೆಕ್‌ಪೋಸ್ಟಿನಲ್ಲಿ ಹೋಂಗಾರ್ಡ್ ಒಬ್ಬ ನನ್ನ ಬೈಕಿನ ಕೀ ಕಿತ್ತುಕೊಂಡು ಇನ್ನೂರು ರೂಪಾಯಿ ಕೇಳಿದ. ಕಳ್ಳ ಸಿಕ್ಕರೆ ನಮ್ಮ ಹುಡುಗರು ಹಿಡಿಯಬಹುದಾ? ಏನಾದರೂ ಹೆಚ್ಚುಕಡಿಮೆ ಆದರೆ ಯಾರ ಮೇಲೆ ಬರುತ್ತದೆ? ಪಿಯುಸಿ ಮುಗಿಸಿದ ನನ್ನ ಮಗ ಗೃಹರಕ್ಷಕ ದಳ ಸೇರುತ್ತೇನೆ, ಮುಂದೆ ಕಾನ್‌ಸ್ಟೆಬಲ್ ಆಗಬಹುದು ಅಂತಾನೆ. ಸೇರಿಸಲೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯ ಒಂದಕ್ಕೊಂದು ಹೆಣೆದುಕೊಂಡಿವೆ: ಗೃಹರಕ್ಷಕರ ಅಧಿಕಾರ, ಊರವರ ಗಸ್ತು, ಮಗನ ಕೆಲಸ. ನಿಮಗೆ ನಿಜವಾಗಿ ಅಪಾಯ ಇರುವುದು ಎರಡನೆಯದರಲ್ಲಿ. ಅದನ್ನು ವಿವರವಾಗಿ ನೋಡೋಣ, ಆದರೆ ಮೊದಲನೆಯದನ್ನು ಬಿಡಿಸದೆ ಅದು ಅರ್ಥವಾಗುವುದಿಲ್ಲ.

ಹಿಂದೆ ಊರ ಕಾವಲಿಗೆ ತಳವಾರ ಇದ್ದ, ಮೇಲೆ ಪಟೇಲ ಇದ್ದ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಆಮೇಲೆ ಬಂದದ್ದು ಎರಡು ಬೇರೆ ಬೇರೆ ವ್ಯವಸ್ಥೆ: 1962ರ ಕರ್ನಾಟಕ ಗೃಹರಕ್ಷಕ ಕಾಯ್ದೆಯಡಿ ಗೃಹರಕ್ಷಕ ದಳ, 1964ರ ಗ್ರಾಮ ರಕ್ಷಣಾ ದಳಗಳ ಕಾಯ್ದೆಯಡಿ ದಳಪತಿ ಮತ್ತು ಅವನ ತಂಡ. ನಿಮ್ಮ ಠಾಣೆಯವರು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದ್ದಾರೆ. ಕಾನೂನಿನಲ್ಲಿ ಅವು ಒಂದಲ್ಲ.

ಗೃಹರಕ್ಷಕನ ಬಗ್ಗೆ ನಿಮ್ಮೂರಿನ ಎರಡೂ ಮಾತು ಅರ್ಧ ಸರಿ. ಕರ್ತವ್ಯಕ್ಕೆ ಕರೆದಾಗ ಆತನಿಗೆ ಪೊಲೀಸರಿಗಿರುವ ಅಧಿಕಾರ, ರಕ್ಷಣೆ ಎರಡನ್ನೂ ಕಾಯ್ದೆ ಕೊಡುತ್ತದೆ. ಹಾಗಾಗಿ ‘ಅವನ್ಯಾರು ನಮ್ಮನ್ನು ಕೇಳೋಕೆ’ ಎಂದು ಕೈ ಮಾಡಿದರೆ, ಸರ್ಕಾರಿ ನೌಕರನ ಮೇಲೆ ಹಲ್ಲೆ ಎಂದು ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಬೀಳುತ್ತದೆ. ಎರಡು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಗಮನಿಸಬೇಕಾದದ್ದು ‘ಕರೆದಾಗ’ ಎಂಬ ಷರತ್ತು. ಪೊಲೀಸರ ನೆರವಿಗೆ ಕರೆದಾಗ ಆತ ಪೊಲೀಸ್ ಅಧಿಕಾರಿಯ ಹತೋಟಿಯಲ್ಲಿ ಇರಬೇಕು. ಪಾಳಿ ಮುಗಿಸಿ ಮನೆಗೆ ಹೋದವನು, ಹಾಜರಿ ಪುಸ್ತಕದಲ್ಲಿ ಆ ದಿನ ಹೆಸರೇ ಇಲ್ಲದವನು, ಖಾಕಿ ತೊಟ್ಟು ರಸ್ತೆಯಲ್ಲಿ ನಿಂತರೂ ನಿಮ್ಮ ನನ್ನಂತೆ ಸಾಮಾನ್ಯ ಮನುಷ್ಯನೇ.

ಕರ್ತವ್ಯದಲ್ಲಿದ್ದರೂ ಎಲ್ಲವೂ ಅವನ ಕೈಯಲ್ಲಿಲ್ಲ. ದೂರು ದಾಖಲಿಸುವುದು ಠಾಣಾಧಿಕಾರಿಯ ಕೆಲಸ. ಹೇಳಿಕೆ ಬರೆದುಕೊಳ್ಳುವುದು, ಮನೆ ಶೋಧಿಸುವುದು ತನಿಖಾಧಿಕಾರಿಗೆ ಸೇರಿದ್ದು. ವಾಹನದ ದಂಡಕ್ಕೆ ರಸೀದಿ ಕೊಡುವುದು ಸರ್ಕಾರ ಗೊತ್ತುಪಡಿಸಿದ ದರ್ಜೆಯ ಅಧಿಕಾರಿ. ಜಾತ್ರೆಯ ಜನಸಂದಣಿ, ಚುನಾವಣೆಯ ಮತಗಟ್ಟೆ, ಘಾಟಿಯಲ್ಲಿ ಮಣ್ಣು ಕುಸಿದಾಗ ವಾಹನ ತಡೆಯುವುದು, ರಾತ್ರಿ ಗಸ್ತಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಜೊತೆ ನಡೆಯುವುದು, ಇವು ಗೃಹರಕ್ಷಕರ ಕೆಲಸ. ಹಾಸನಾಂಬ ದರ್ಶನದ ಸಾಲು, ದತ್ತಜಯಂತಿಯ ಹೊತ್ತಿನ ಬಾಬಾಬುಡನ್‌ಗಿರಿ ರಸ್ತೆ, ಮಳೆಗಾಲದ ಚಾರ್ಮಾಡಿ ಇವೆಲ್ಲ ಇವರಿಲ್ಲದೆ ನಡೆಯುವುದು ಕಷ್ಟ. ಬಿಸಿಲು ಮಳೆಯಲ್ಲಿ ನಿಲ್ಲುವ ಇವರಿಗೆ ಸಿಗುವುದು ದಿನದ ಭತ್ಯೆ ಮಾತ್ರ, ಸಂಬಳ ಅಲ್ಲ. ನಿಮಗೆ ಆದ ಅನುಭವದಿಂದ ಇಡೀ ದಳವನ್ನು ಅಳೆಯಬೇಡಿ.

ಆ ಅನುಭವದ ಬಗ್ಗೆ ಒಂದು ಮಾತು. ಕೀ ಕಿತ್ತುಕೊಳ್ಳಿ ಎಂದು ಮೋಟಾರು ವಾಹನ ಕಾಯ್ದೆ ಯಾರಿಗೂ ಹೇಳಿಲ್ಲ. ರಸೀದಿ ಇಲ್ಲದೆ ಕೇಳಿದ ಇನ್ನೂರು ದಂಡವಲ್ಲ, ಲಂಚ. ಅಂಥ ಕಡೆ ಬೈಕು ನಿಲ್ಲಿಸಿ, ಡಿಎಲ್, ಆರ್‌ಸಿಯನ್ನು ಡಿಜಿಲಾಕರ್‌ನಲ್ಲಿ ತೋರಿಸಿ (ಅದು ಮೂಲ ದಾಖಲೆಗೆ ಸಮ), ‘ನಿಮ್ಮ ಜೊತೆ ಇರುವ ಸಾಹೇಬರು ಯಾರು, ಯಾವ ಠಾಣೆ?’ ಎಂದು ಕೇಳಿ. ಜಗಳಕ್ಕೆ ನಿಲ್ಲಬೇಡಿ. ಪೊಲೀಸರೇ ಇಲ್ಲದೆ ಗೃಹರಕ್ಷಕ ಒಬ್ಬನೇ ವಾಹನ ತಪಾಸಣೆ ಮಾಡುತ್ತಿದ್ದರೆ ಅದೇ ದೂರಿಗೆ ಸಾಕಾದ ವಿಷಯ. ದಿನಾಂಕ, ಗಂಟೆ, ಜಾಗ, ಎದೆಯ ಮೇಲಿನ ಹೆಸರು ಅಥವಾ ನಂಬರು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಒಂದು ಪ್ರತಿ, ಗೃಹರಕ್ಷಕ ದಳದ ಜಿಲ್ಲಾ ಸಮಾದೇಷ್ಟರಿಗೆ (ಕಮಾಂಡೆಂಟ್) ಒಂದು ಪ್ರತಿ ಕೊಡಿ. ಎರಡನೆಯದನ್ನು ಜನ ಮರೆಯುತ್ತಾರೆ. ದಳದಿಂದ ತೆಗೆಯುವ ಅಧಿಕಾರ ಇರುವುದು ಅಲ್ಲಿ, ಠಾಣೆಯಲ್ಲಿ ಅಲ್ಲ. ಹಣ ಕೊಟ್ಟೇ ಹೋಗಬೇಕಾದ ಪರಿಸ್ಥಿತಿ ಪದೇ ಪದೇ ಬಂದರೆ ಲೋಕಾಯುಕ್ತ ಪೊಲೀಸರಿದ್ದಾರೆ.

ಇನ್ನು ನಿಮ್ಮ ಗಸ್ತು.

ಠಾಣೆಯವರು ಬಾಯಿ ಮಾತಿನಲ್ಲಿ ‘ನೀವೇ ಗಸ್ತು ಹಾಕಿ’ ಅಂದದ್ದರಿಂದ ನಿಮ್ಮ ಹುಡುಗರಿಗೆ ಯಾವ ಅಧಿಕಾರವೂ ಬರಲಿಲ್ಲ. ಒಬ್ಬ ಗೃಹರಕ್ಷಕ ಜೊತೆಗೆ ಬಂದರೂ ಅವನ ಅಧಿಕಾರ ಅವನಿಗೆ ಮಾತ್ರ. ಪಕ್ಕದಲ್ಲಿ ನಡೆಯುವವನಿಗೆ ಅದು ಅಂಟುವುದಿಲ್ಲ. ಊರಿನ ಹುಡುಗರಿಗೆ ಇರುವುದು ಪ್ರತಿಯೊಬ್ಬ ನಾಗರಿಕನಿಗೂ ಇರುವ ಹಕ್ಕು. ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಲ್ಲಿದೆ. ಅದರ ಷರತ್ತು ಬಿಗಿ: ಕೃತ್ಯ ಹಿಡಿಯುವವನ ಕಣ್ಣೆದುರೇ ನಡೆದಿರಬೇಕು, ಅದು ಜಾಮೀನಿಲ್ಲದ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಆಗಿರಬೇಕು, ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರ ವಶಕ್ಕೆ ಕೊಡಬೇಕು. ‘ಇವನ ಮೇಲೆ ಅನುಮಾನ ಇದೆ’, ‘ಹೋದ ವಾರ ಇವನೇ ಕದ್ದಿರಬೇಕು’ ಎಂಬುದಕ್ಕೆ ಇಲ್ಲಿ ಜಾಗ ಇಲ್ಲ.

ಇದರ ಒಳಗೆ ಬೆಳೆಗಾರರಿಗೆ ಗೊತ್ತಿಲ್ಲದ ಇನ್ನೊಂದು ತೊಡಕಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಕದ್ದ ಮಾಲಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಇದ್ದು, ಆರೋಪಿ ಮೊದಲ ಬಾರಿಗೆ ಸಿಕ್ಕವನಾಗಿ ಮಾಲನ್ನೋ ಬೆಲೆಯನ್ನೋ ಹಿಂತಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಆ ಬಗೆಯ ಸಣ್ಣ ಕಳವು ಜಾಮೀನು ಸಿಗುವ, ಅಸಂಜ್ಞೇಯ ಅಪರಾಧ. ನ್ಯಾಯಾಧೀಶರ ಅಪ್ಪಣೆ ಇಲ್ಲದೆ ಪೊಲೀಸರೇ ತನಿಖೆ ಶುರು ಮಾಡುವಂತಿಲ್ಲ, ನಿಮ್ಮ ಹುಡುಗರು ಹಿಡಿಯುವ ಮಾತು ದೂರವೇ ಉಳಿಯಿತು. ಅರ್ಧ ಚೀಲ ಹಸಿ ಹಣ್ಣು ಹೊತ್ತುಕೊಂಡು ಹೋಗುವವನನ್ನು ನೋಡಿದರೆ ಅದು ಯಾವ ಕಡೆ ಬೀಳುತ್ತದೆ ಎಂದು ರಾತ್ರಿ ಎರಡು ಗಂಟೆಗೆ ಯಾರು ಲೆಕ್ಕ ಹಾಕುತ್ತಾರೆ? ಅದೇ ಮಾಲು ಗೋಡೌನಿನ ಬಾಗಿಲು ತೆರೆದು ತೆಗೆದದ್ದಾದರೆ ಕಲಂ 305, ಏಳು ವರ್ಷದವರೆಗೆ ಶಿಕ್ಷೆ. ತೆರೆದ ಕಣಕ್ಕೂ ಬಾಗಿಲು ಹಾಕಿದ ಕಟ್ಟಡಕ್ಕೂ ಕಾನೂನು ಇಷ್ಟು ವ್ಯತ್ಯಾಸ ಮಾಡುತ್ತದೆ. ಒಣಗಿದ ಕಾಫಿಯನ್ನು ಟಾರ್ಪಾಲು ಮುಚ್ಚಿ ಕಣದಲ್ಲೇ ರಾಶಿ ಬಿಡದೆ ಅದೇ ಸಂಜೆ ಚೀಲ ಕಟ್ಟಿ ಬೀಗದೊಳಗೆ ಹಾಕಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಹಿಡಿದ ಮೇಲೆ ಏನಾಗುತ್ತದೆ ಎಂಬುದರಲ್ಲೇ ಊರುಗಳು ಸಿಕ್ಕಿಬೀಳುವುದು. ಮರಕ್ಕೆ ಕಟ್ಟಿದರೆ ಅಕ್ರಮ ಬಂಧನ. ಐದು ಜನ ಅಥವಾ ಹೆಚ್ಚು ಮಂದಿ ಸೇರಿ ಜಾತಿ, ಭಾಷೆ, ಹುಟ್ಟಿದ ಊರು ಇಂಥ ಕಾರಣಕ್ಕೆ ಹೊಡೆದು ಮೂಳೆ ಮುರಿದರೆ ಏಳು ವರ್ಷ, ಸತ್ತರೆ ಮರಣದಂಡನೆ ಅಥವಾ ಜೀವಾವಧಿ. ಹೊಡೆದವನು ಒಬ್ಬ, ಉಳಿದವರು ಸುತ್ತ ನಿಂತಿದ್ದರು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಗುಂಪಿನ ಎಲ್ಲರ ಮೇಲೂ ಬರುತ್ತದೆ. ಈಗ ನಮ್ಮ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯ ಕೆಲಸಗಾರರು ಎಷ್ಟಿದ್ದಾರೆ ನೋಡಿ. ಕತ್ತಲಲ್ಲಿ ಕನ್ನಡ ಬಾರದವನು ತಡವರಿಸಿದರೆ ಅದನ್ನೇ ತಪ್ಪೊಪ್ಪಿಗೆ ಎಂದುಕೊಳ್ಳುವ ಹುಡುಗರಿರುತ್ತಾರೆ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ದಾರಿಹೋಕನೊಬ್ಬನ ಪ್ರಾಣ ಹೋಯಿತು. ಅಲ್ಲಿಯೂ ಸೇರಿದವರು ತಾವು ಊರು ಕಾಯುತ್ತಿದ್ದೇವೆ ಎಂದೇ ತಿಳಿದಿದ್ದರು.

‘ನಮ್ಮ ಮಾಲು, ನಮಗೆ ರಕ್ಷಿಸಿಕೊಳ್ಳುವ ಹಕ್ಕಿಲ್ಲವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದೆ. ಆದರೆ ಬರೀ ಕಳವಿಗೆ ಪ್ರಾಣ ತೆಗೆಯುವಷ್ಟು ಬಲ ಬಳಸಲು ಕಾನೂನು ಬಿಡುವುದಿಲ್ಲ. ದರೋಡೆ, ರಾತ್ರಿ ಮನೆ ಒಡೆಯುವುದು, ಬೆಂಕಿ ಹಚ್ಚುವುದು, ಅಥವಾ ನಿಮ್ಮ ಜೀವಕ್ಕೇ ಭಯ ಹುಟ್ಟಿಸುವ ಕಳವು, ಇಂಥವಕ್ಕೆ ಮಾತ್ರ ಆ ಅವಕಾಶ. ಬೆಳೆ ರಕ್ಷಣೆಗೆ ಪಡೆದ ಲೈಸೆನ್ಸಿನ ಕೋವಿಯನ್ನು ಗಸ್ತಿಗೆ ಹಿಡಿದು ಹೊರಡುವುದು, ಕಣದ ಸುತ್ತ ತಂತಿ ಕಟ್ಟಿ ಕರೆಂಟು ಬಿಡುವುದು ಎರಡೂ ನೇರ ಜೈಲಿನ ದಾರಿ. ಕರೆಂಟಿನ ತಂತಿ ಕಳ್ಳನನ್ನು ಗುರುತು ಹಿಡಿಯುವುದಿಲ್ಲ. ಬೆಳಿಗ್ಗೆ ಐದಕ್ಕೆ ಸೌದೆಗೆ ಬಂದ ಹೆಂಗಸೋ, ನಿಮ್ಮದೇ ಹಸುವೋ ಸಾಯುತ್ತದೆ.

ಹಾಗಾದರೆ ಗಸ್ತು ಬೇಡವೇ? ಬೇಕು. ಹಿಡಿಯುವ ಗಸ್ತು ಬೇಡ, ನೋಡಿ ತಿಳಿಸುವ ಗಸ್ತು ಬೇಕು. ಅದನ್ನು ಬರಹದಲ್ಲಿ ಶುರು ಮಾಡಿ. 2017ರಿಂದ ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಇದೆ. ನಿಮ್ಮ ಹಳ್ಳಿಗೂ ಒಬ್ಬ ಬೀಟ್ ಪೊಲೀಸ್ ಗೊತ್ತಾಗಿರುತ್ತಾನೆ, ಊರಿನ ಕೆಲವರು ಬೀಟ್ ಸದಸ್ಯರೂ ಆಗಿರುತ್ತಾರೆ. ಪಟ್ಟಿ ಠಾಣೆಯಲ್ಲಿ ಸಿಗುತ್ತದೆ. ಗಸ್ತಿನವರ ಹೆಸರು, ವಯಸ್ಸು, ಫೋನ್ ನಂಬರು, ಆಧಾರ್ ಪ್ರತಿ ಸೇರಿಸಿ ಠಾಣಾಧಿಕಾರಿಗೆ ಅರ್ಜಿ ಕೊಟ್ಟು ಹಿಂಬರಹ ಅಥವಾ ಸ್ವೀಕೃತಿ ಮುದ್ರೆ ಪಡೆಯಿರಿ. ‘ಗ್ರಾಮ ರಕ್ಷಣಾ ದಳ ರಚಿಸಿ ದಳಪತಿಯನ್ನು ನೇಮಿಸಿ’ ಎಂಬ ಕೋರಿಕೆಯನ್ನೂ ಅದರಲ್ಲೇ ವರಿಷ್ಠಾಧಿಕಾರಿಗಳಿಗೆ ಬರೆಯಿರಿ, ಏಕೆಂದರೆ 1964ರ ಕಾಯ್ದೆಯಲ್ಲಿ ದಳ ಕಟ್ಟುವ ಅಧಿಕಾರ ಅವರದ್ದು. ನೇಮಕ ಪತ್ರ ಕೈಗೆ ಬರುವವರೆಗೆ ಯಾರೂ ತೋಳಿಗೆ ಪಟ್ಟಿ ಕಟ್ಟಿಕೊಳ್ಳಬೇಡಿ, ‘ಪೊಲೀಸ್’ ಎಂದು ಬರೆದ ಜಾಕೆಟ್ಟನ್ನಂತೂ ಎಂದೂ ಹಾಕಬೇಡಿ. ಪೊಲೀಸನೆಂದು ನಟಿಸುವುದು ಪ್ರತ್ಯೇಕ ಅಪರಾಧ.

ಗಸ್ತಿಗೆ ನಾಲ್ವರಿಗಿಂತ ಕಡಿಮೆ ಬೇಡ, ಎಂಟಕ್ಕಿಂತ ಹೆಚ್ಚೂ ಬೇಡ. ಹೆಚ್ಚಾದರೆ ಅದು ಮೆರವಣಿಗೆ. ರಾತ್ರಿ ಹತ್ತರಿಂದ ಒಂದು, ಒಂದರಿಂದ ನಾಲ್ಕು ಎಂದು ಎರಡು ಪಾಳಿ ಮಾಡಿ. ಇಡೀ ರಾತ್ರಿ ಒಂದೇ ತಂಡ ಎಂದರೆ ಎರಡನೇ ವಾರಕ್ಕೆ ಯಾರೂ ಬರುವುದಿಲ್ಲ. ಕುಡಿದವನನ್ನು ಆ ದಿನ ಮನೆಗೆ ಕಳಿಸಿ, ಅವನು ಗೌಡರ ಮಗನೇ ಆಗಿರಲಿ. ಕೈಯಲ್ಲಿ ಟಾರ್ಚ್, ಶಿಳ್ಳೆ, ಚಾರ್ಜ್ ಇರುವ ಫೋನು. ಕತ್ತಿ, ಮಚ್ಚು ಬೇಡ. ಪಂಚಾಯಿತಿ ರಸ್ತೆ, ತೋಟದ ಗೇಟು, ಕಣದ ದಾರಿ ಇಷ್ಟರಲ್ಲೇ ನಡೆಯಿರಿ. ಬೇರೆಯವರ ತೋಟದೊಳಗೆ ಹೊಕ್ಕರೆ ಮಾರನೇ ದಿನ ನಿಮ್ಮ ಮೇಲೇ ಮಾತು ಬರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊರಟ ಹೊತ್ತು, ಜೊತೆಗಿದ್ದವರ ಸಹಿ, ಕಂಡ ವಾಹನದ ನಂಬರು ಬರೆಯಿರಿ. ಮುಂದೆ ಯಾರಾದರೂ ‘ಗಸ್ತಿನವರು ನನ್ನನ್ನು ಹೊಡೆದರು’ ಎಂದು ದೂರಿದರೆ ನಿಮ್ಮನ್ನು ಉಳಿಸುವ ದಾಖಲೆಗಳಲ್ಲಿ ಈ ಪುಸ್ತಕವೂ ಒಂದು.

ಅಪರಿಚಿತ ಪಿಕಪ್ಪೋ ಜೀಪೋ ಕಂಡರೆ ಅಡ್ಡ ನಿಲ್ಲಬೇಡಿ. ನಂಬರು, ಬಣ್ಣ, ಹೋದ ದಿಕ್ಕು ನೋಡಿಕೊಂಡು 112ಕ್ಕೆ ಕರೆ ಮಾಡಿ, ಆಮೇಲೆ ಬೀಟ್ ಪೊಲೀಸನಿಗೆ. ಕ್ರಮ ಹೀಗೇ ಇರಲಿ. 112ರ ಕರೆ ದಾಖಲಾಗುತ್ತದೆ, ಬೀಟ್ ಪೊಲೀಸನ ಖಾಸಗಿ ಫೋನಿನ ಮಾತು ಆಗುವುದಿಲ್ಲ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದ ಕಡೆಯೂ ಬೇರೆ ಕಂಪನಿಯ ಟವರ್ ಸಿಕ್ಕರೆ ಈ ಕರೆ ಹೋಗುವ ಸಾಧ್ಯತೆ ಇದೆ, ಪ್ರಯತ್ನಿಸಿ. ಫೋಟೊ ತೆಗೆದರೆ ಪೊಲೀಸರಿಗೆ ಕಳಿಸಿ, ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಇನ್ನೊಂದು, ನಿಮ್ಮ ಕಡೆ ಕಳ್ಳನಿಗಿಂತ ಮೊದಲು ಎದುರಾಗುವುದು ಆನೆ. ಅರಣ್ಯ ಇಲಾಖೆಯಿಂದ ಆನೆ ಇರುವ ಸೂಚನೆ ಬಂದ ರಾತ್ರಿ ಗಸ್ತು ರದ್ದು. ಇದರಲ್ಲಿ ಚರ್ಚೆಯೇ ಬೇಡ.

ತಂಡದಲ್ಲಿ ಯಾರಿರಬೇಕು ಎಂಬುದೂ ಮುಖ್ಯ. ತೋಟದ ಮಾಲೀಕರ ಮಕ್ಕಳಷ್ಟೇ ಸೇರಿ ಕಾಲೋನಿ ಮತ್ತು ಲೈನ್ ಮನೆಗಳ ಕಡೆ ಟಾರ್ಚ್ ಬಿಟ್ಟುಕೊಂಡು ಓಡಾಡಿದರೆ ಅದು ಕಾವಲು ಎನ್ನಿಸಿಕೊಳ್ಳುವುದಿಲ್ಲ, ಹಗೆ ಹುಟ್ಟಿಸುತ್ತದೆ. ಕಾಲೋನಿಯವರನ್ನು, ಮೇಸ್ತ್ರಿಗಳನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ. ಯಾರು ಹೊಸಬರು, ಯಾವ ಗಾಡಿ ಯಾರದ್ದು ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ನನ್ನ ಅಭಿಪ್ರಾಯ ಕೇಳಿದರೆ, ಗಸ್ತಿಗಿಂತ ಹೆಚ್ಚು ಫಲ ಕೊಡುವುದು ಮಾಲು ಕೊಳ್ಳುವವರ ಕಡೆ ನೋಡುವುದು. ಕದ್ದ ಹಸಿ ಹಣ್ಣನ್ನು ಇಟ್ಟುಕೊಂಡು ಕೂರಲು ಆಗುವುದಿಲ್ಲ. ಒಂದೆರಡು ದಿನದಲ್ಲಿ ಎಲ್ಲೋ ತೂಕಕ್ಕೆ ಬೀಳಲೇಬೇಕು. ಅರೇಬಿಕಾಕ್ಕೆ ನವೆಂಬರಿನಿಂದ ಜನವರಿ, ರೊಬಸ್ಟಾಕ್ಕೆ ಮಾರ್ಚ್‌ವರೆಗೆ, ಆಮೇಲೆ ಮೆಣಸು. ಈ ತಿಂಗಳುಗಳಲ್ಲಿ ಸುತ್ತಲಿನ ಸಣ್ಣ ವ್ಯಾಪಾರಿಗಳನ್ನು ಠಾಣೆಗೆ ಕರೆಸಿ, ಮಾರುವವನ ಹೆಸರು, ಫೋನು, ಗಾಡಿ ನಂಬರು ಬರೆದಿಡಿ, ಕತ್ತಲಾದ ಮೇಲೆ ಚಿಲ್ಲರೆ ಮಾಲು ತೂಗಬೇಡಿ ಎಂದು ಪೊಲೀಸರು ತಿಳಿಹೇಳುವಂತೆ ಬೆಳೆಗಾರರ ಸಂಘದಿಂದ ಕೋರಿ. ಕದ್ದದ್ದೆಂದು ಗೊತ್ತಿದ್ದೂ ಕೊಳ್ಳುವುದು ಕಲಂ 317ರ ಅಪರಾಧ ಎಂಬ ಒಂದು ಮಾತು ಅಲ್ಲಿ ಬಿದ್ದರೆ ಸಾಕು, ಕೆಲವು ತಕ್ಕಡಿ ತಾವಾಗಿ ನಿಲ್ಲುತ್ತವೆ.

ಕಳವಾದ ಮೇಲೆ ದೂರು ಕೊಡುವಾಗ ‘ಸುಮಾರು ಕಾಫಿ ಹೋಗಿದೆ’ ಎಂದು ಬರೆಯಬೇಡಿ. ಕೊಯ್ಲಿನ ತೂಕದ ಪುಸ್ತಕ, ಕಣಕ್ಕೆ ಹಾಕಿದ ದಿನ, ಉಳಿದ ಚೀಲಗಳ ಲೆಕ್ಕ, ಆ ದಿನದ ಮಾರುಕಟ್ಟೆ ದರದ ಚೀಟಿ ಜೊತೆಗಿಡಿ. ಬೆಲೆ ಐದು ಸಾವಿರ ದಾಟುತ್ತದೆ ಎಂಬುದು ಕಾಗದದ ಮೇಲೆ ಕಾಣಬೇಕು. ಎಫ್‌ಐಆರ್ ಪ್ರತಿ ಉಚಿತ. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಠಾಣೆಯಲ್ಲಿ ದಾಖಲಿಸದಿದ್ದರೆ ಅದೇ ದೂರನ್ನು ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದಕ್ಕೂ ಫಲ ಸಿಗದಿದ್ದರೆ ನ್ಯಾಯಾಲಯ.

ಖಾಸಗಿ ಕಾವಲುಗಾರನನ್ನು ಇಡುವ ದಾರಿಯೂ ಇದೆ. ಆರು ಎಕರೆಗೆ ಒಬ್ಬರೇ ಭರಿಸುವುದು ಕಷ್ಟ. ನಾಲ್ಕೈದು ತೋಟದವರು ಸೇರಿದರೆ ಕೊಯ್ಲಿನ ಮೂರು ತಿಂಗಳಿಗೆ ಆಗಬಹುದು. ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯ ಲೈಸೆನ್ಸ್ ಇದೆಯೇ ನೋಡಿ. ಅವನಿಗೂ ಬಂಧಿಸುವ ವಿಶೇಷ ಅಧಿಕಾರ ಇಲ್ಲ, ಪೊಲೀಸರ ಸಮವಸ್ತ್ರ ಹೋಲುವ ಬಟ್ಟೆಯನ್ನೂ ಹಾಕುವಂತಿಲ್ಲ. ಗೃಹರಕ್ಷಕರನ್ನು ಖಾಸಗಿ ತೋಟ ಕಾಯಲು ಕೇಳಬೇಡಿ, ಅದಕ್ಕಾಗಿ ಇರುವ ದಳ ಅದಲ್ಲ. ಪಾಳಿ ಮುಗಿದ ಮೇಲೆ ಅದೇ ಖಾಕಿಯಲ್ಲಿ ಬಂದು ಕೂರುತ್ತೇನೆ ಎಂದು ಯಾರಾದರೂ ಒಪ್ಪಿದರೂ ಬೇಡ. ಅಲ್ಲಿ ಏನಾದರೂ ನಡೆದರೆ ಅವನ ಸಮವಸ್ತ್ರವೂ ಹೋಗುತ್ತದೆ, ನಿಮ್ಮ ತಲೆಗೂ ಬರುತ್ತದೆ.

ಮಗನ ವಿಷಯ. ಗೃಹರಕ್ಷಕ ದಳ ಸ್ವಯಂಸೇವೆ, ಅದರ ಧ್ಯೇಯವಾಕ್ಯವೇ ನಿಷ್ಕಾಮ ಸೇವೆ. ಕೆಲಸ ಖಾಯಂ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2015ರ ಮಾರ್ಚ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಖಾಯಂ ಮಾಡಬೇಕೆಂಬ ಕೋರಿಕೆಯನ್ನು ಒಪ್ಪಲಿಲ್ಲ. ಆದರೆ ತಿಂಗಳಿಡೀ ಕೆಲಸ ಮಾಡಿದರೆ ಬರುವ ಭತ್ಯೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗಿರಬೇಕು ಎಂದಿತು. ತೊಂದರೆ ಇರುವುದು ಆ ‘ತಿಂಗಳಿಡೀ’ಯಲ್ಲೇ. ಕರ್ತವ್ಯ ಸರದಿಯ ಮೇಲೆ ಬರುತ್ತದೆ. ಚುನಾವಣೆ, ಜಾತ್ರೆಯ ಕಾಲಕ್ಕೆ ಸತತ ಕೆಲಸ, ಮಿಕ್ಕ ಕಾಲ ಖಾಲಿ. ಕರೆ ಬಂದಾಗ ಕೊಯ್ಲು ಇದೆ ಎಂದು ತಪ್ಪಿಸಿಕೊಂಡರೆ ಶಿಸ್ತುಕ್ರಮ ಆಗುತ್ತದೆ. ಅವನಿಗೆ ಕಾನ್‌ಸ್ಟೆಬಲ್ ಆಗುವ ಆಸೆ ಇದ್ದರೆ ಅದರ ಲಿಖಿತ ಪರೀಕ್ಷೆ, ಓಟ, ಜಿಗಿತ ಎಲ್ಲವನ್ನೂ ಎಲ್ಲರಂತೆ ದಾಟಬೇಕು. ದಳದಲ್ಲಿ ಸಿಗುವ ಕವಾಯತು, ಠಾಣೆಯ ಪರಿಚಯ, ರಾತ್ರಿ ಕೆಲಸದ ಅಭ್ಯಾಸ ಮೈಗೂ ಮನಸ್ಸಿಗೂ ಒಳ್ಳೆಯದೇ. ಹಾಗಾಗಿ ಓದು ಬಿಡದೆ ಸೇರುವುದಾದರೆ ಸೇರಲಿ.

ಅರ್ಜಿ ಹಾಕುವ ಮುನ್ನ ನಿಮಗೆ ಹತ್ತಿರದ ಘಟಕಾಧಿಕಾರಿಯನ್ನು ಕಂಡು ನಾಲ್ಕು ಪ್ರಶ್ನೆ ಕೇಳಲಿ: ಈ ಘಟಕದವರಿಗೆ ಕಳೆದ ವರ್ಷ ತಿಂಗಳಿಗೆ ಸರಾಸರಿ ಎಷ್ಟು ದಿನ ಕರ್ತವ್ಯ ಸಿಕ್ಕಿತು, ಭತ್ಯೆ ಎಷ್ಟು ತಿಂಗಳು ತಡವಾಗಿ ಖಾತೆಗೆ ಬರುತ್ತದೆ, ವಾರದ ಕವಾಯತು ಎಲ್ಲಿ, ಕರ್ತವ್ಯದಲ್ಲಿ ಗಾಯವಾದರೆ ಪರಿಹಾರಕ್ಕೆ ಯಾವ ಕಾಗದ ಬೇಕು. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ, ಪ್ರತಿ ಸಾಕು. ಸೇರಿಸಿಕೊಡುತ್ತೇನೆ ಎಂದು ದುಡ್ಡು ಕೇಳುವವರು ಸಿಕ್ಕರೆ ಅವರ ಹೆಸರನ್ನೂ ಜಿಲ್ಲಾ ಸಮಾದೇಷ್ಟರ ಕಚೇರಿಗೆ ಬರೆದು ತಿಳಿಸಿ.